ಲಾಫಿ ಬಟ್ಟಲು ಕೆಳಗಿಟ್ಟ ಕಥೆ

ಹಲ್ಲು ನೋಯುತ್ತಿರುವಾಗ ಇನ್ನೊಬ್ಬರ ಗುಡಾರಕ್ಕೆ ಹೋಗಬಾರದು. ನಮ್ಮ ಮರಳುಕಣಿವೆ ವಾದಿ ರಮ್ಮಿನ ಹಿರಿಯರು ಒಂಟೆಗೆ, ನೆಂಟರಿಗೆ, ಬಾವಿಯ ಹಗ್ಗಕ್ಕೆ, ಎರಡನೇ ಹೆಂಡತಿಗೆ, ಎಲ್ಲಕ್ಕೂ ಒಂದೊಂದು ಗಾದೆ ಕಟ್ಟಿಟ್ಟು ಹೋದರು. ಹಲ್ಲಿಗೆ ಮಾತ್ರ ಕಟ್ಟಲಿಲ್ಲ. ಕಟ್ಟಿದ್ದರೆ ಲಾಫಿ ಆ ದಿನ ಮನೆಯಲ್ಲೇ ದವಡೆ ಹಿಡಿದುಕೊಂಡು ಬಿದ್ದಿರುತ್ತಿದ್ದ, ಊರಿಗೆ ಒಂದು ತಮಾಷೆ ನಷ್ಟವಾಗುತ್ತಿತ್ತು.

ಲಾಫಿಗೆ ನಲವತ್ತಮೂರು ವರ್ಷ. ಪ್ರವಾಸಿಗಳನ್ನು ಮರಳಿನಲ್ಲಿ ಸುತ್ತಾಡಿಸುವ ಜೀಪು ಅವನದು. ಹೊಟ್ಟೆ ಸ್ಟಿಯರಿಂಗಿಗೆ ತಾಗುತ್ತಿದ್ದುದರಿಂದ ತಿರುವುಗಳಲ್ಲಿ ಉಸಿರು ಬಿಗಿಹಿಡಿಯುತ್ತಿದ್ದ. ಜೀಪಿನ ಎರಡೂ ಬಾಗಿಲ ಮೇಲೆ ಹಸಿರು ಬಣ್ಣದಲ್ಲಿ ‘ಬೆಟ್ಟದ ಮಗ ಲಾಫಿ’ ಎಂದು ಬರೆಸಿದ್ದ. ಇದರಲ್ಲಿ ಅರ್ಧ ಸತ್ಯವಿತ್ತು. ಅವನ ಅಪ್ಪ ಸುವೈಲಿಮ್ ನಿಜಕ್ಕೂ ಬೆಟ್ಟದವನೇ. ಕಾಡುಮೇಕೆಯ ಬೆನ್ನು ಹತ್ತಿ ಬರಿಗಾಲಲ್ಲಿ, ಊರಿನ ನೆತ್ತಿಯ ಮೇಲೆ ನಿಂತಿರುವ ಆ ಕೆಂಪು ಬಂಡೆಯ ಗೋಡೆಯನ್ನು ಏರಿ, ಮೇಲಿನಿಂದ ಹೆಂಡತಿಗೆ ‘ಒಲೆ ಹಚ್ಚು’ ಎಂದು ಕೂಗುತ್ತಿದ್ದವನು. ಮಗ ಏರಿದ ಅತ್ಯುನ್ನತ ಸ್ಥಾನವೆಂದರೆ ಜೀಪಿನ ಮಾಡು. ಅದೂ ಹಾಸಿಗೆ ಕಟ್ಟುವುದಕ್ಕೆ. ಆದರೆ ಪ್ರವಾಸಿಗಳಿಗೆ ಅವನು ಬೆರಳೆತ್ತಿ ತೋರಿಸಿ, “ಆ ತುದಿ ಕಾಣ್ತದಲ್ಲ? ಸಣ್ಣವನಿದ್ದಾಗ ಅಮ್ಮ ಬೈದ್ರೆ ಅಲ್ಲಿ ಹೋಗಿ ಕೂತ್ಕೊಳ್ತಿದ್ದೆ” ಎನ್ನುತ್ತಿದ್ದ. ಹತ್ತು ವರ್ಷ ಹೇಳಿದ ಮೇಲೆ ಅವನಿಗೇ ಆ ತುದಿಯ ಗಾಳಿ ನೆನಪಿದ್ದಂತೆ ಅನ್ನಿಸತೊಡಗಿತ್ತು.

ಆ ದಿನ ಬೆಳಿಗ್ಗೆ ಜೀಪಿನ ಹಿಂದಿನ ಚಕ್ರ ಸಿಡಿಯಿತು. ಸಿಡಿಯಲು ಅದು ಆರಿಸಿಕೊಂಡ ಜಾಗ ಹಾಜಿ ದಖೀಲರ ಒಂಟೆ ದೊಡ್ಡಿಯ ಬಾಗಿಲು. ನೆಲ ಬಂಡೆ, ಚಕ್ರದ ಕೆಳಗೆ ತೋಡುವ ಹಾಗಿಲ್ಲ. ಲಾಫಿಯ ಜಾಕನ್ನು ಪಕ್ಕದ ಮನೆಯ ಮನಾಹಿ ಒಯ್ದಿದ್ದ. ಮನಾಹಿಯಿಂದ ಅವನ ಭಾವಮೈದ ಅಕಬಾ ಬಂದರಿಗೆ ಒಯ್ದಿದ್ದ. ಆ ಭಾವಮೈದನ ಗುಣ ನೋಡಿದರೆ ಜಾಕು ಇಷ್ಟು ಹೊತ್ತಿಗೆ ಸಮುದ್ರ ದಾಟಿರಬೇಕು. ಹೀಗಾಗಿ ಲಾಫಿ ಹಾಜಿಯವರ ಗುಡಾರಕ್ಕೆ ಜಾಕು ಕೇಳಲು ಹೋದ. ಹೋದ ಕಾರಣ ಇಷ್ಟೇ. ದಯವಿಟ್ಟು ಇದನ್ನು ನೆನಪಿಡಬೇಕು, ಏಕೆಂದರೆ ಮುಂದೆ ಇದನ್ನು ನೆನಪಿಟ್ಟವರು ಯಾರೂ ಇಲ್ಲ.

ಗುಡಾರದಲ್ಲಿ ಹಾಜಿ ದಖೀಲರೂ ಇನ್ನಿಬ್ಬರು ಮುದುಕರೂ ಕುಳಿತಿದ್ದರು. ಹಾಜಿಗೆ ಎಪ್ಪತ್ತೊಂದು. ಮುಖ ಒಣಗಿದ ಅಂಜೂರದಂತೆ, ಪಾದ ಮಾತ್ರ ಇಪ್ಪತ್ತರ ಹುಡುಗನದು. ಸುವೈಲಿಮನ ಜೊತೆ ಒಂದೇ ಹಗ್ಗದ ಎರಡು ತುದಿಗೆ ಕಟ್ಟಿಕೊಂಡು ಮೂವತ್ತು ವರ್ಷ ಗೋಡೆ ಹತ್ತಿದವರು.

“ಬಾ ಮಗನೇ, ಕೂತ್ಕೋ.”

ಲಾಫಿ ತೋರಿಸಿದ ದಿಂಬಿನ ಮೇಲೆ ಕುಳಿತ. ದಿಂಬಿನ ಕೆಳಗೆ ಏನೋ ಗಟ್ಟಿಯಾದದ್ದು ಒತ್ತುತ್ತಿತ್ತು, ಮರ್ಯಾದೆಗೆ ಸುಮ್ಮನಿದ್ದ. ಕಾಫಿಗೆ ಮುಂಚೆ ಬಂದ ಕೆಲಸ ಹೇಳುವವನು ನಮ್ಮಲ್ಲಿ ಮನುಷ್ಯನಲ್ಲ. ಹಾಜಿ ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಕಹಿ ಕಾಫಿ ಬಗ್ಗಿಸಿ ಕೊಟ್ಟರು. ಕೆಂಡದಿಂದ ಆಗಷ್ಟೇ ಇಳಿದದ್ದು. ಲಾಫಿ ಒಂದು ಗುಟುಕು ಬಾಯಿಗಿಡುವ ಮೊದಲೇ ಆವಿ ಎಡ ದವಡೆಗೆ ಹೊಕ್ಕಿತು. ಹಲ್ಲಿನಿಂದ ಕಿವಿಗೆ, ಕಿವಿಯಿಂದ ನೆತ್ತಿಗೆ, ನೆತ್ತಿಯಿಂದ ಸತ್ತ ಅಜ್ಜಂದಿರವರೆಗೆ ಒಂದು ಮಿಂಚು ಹೋಯಿತು. ಲಾಫಿ ಕಣ್ಣು ತುಂಬಿಕೊಂಡು ಬಟ್ಟಲನ್ನು ಮೆಲ್ಲಗೆ ನೆಲಕ್ಕಿಟ್ಟ.

ಗುಡಾರದಲ್ಲಿದ್ದ ಮೂವರೂ ಆ ಬಟ್ಟಲನ್ನೇ ನೋಡಿದರು.

ಕುಡಿದ ಬಟ್ಟಲನ್ನು ಅಲ್ಲಾಡಿಸಿ ಕೊಟ್ಟರೆ ‘ಸಾಕು’. ಅಲ್ಲಾಡಿಸದೆ ಚಾಚಿದರೆ ‘ಇನ್ನೂ ಬೇಕು’. ಕುಡಿಯದೆ ಕೆಳಗಿಟ್ಟರೆ? ಹಾಗೆ ಇಡುವವರು ಹೆಣ್ಣು ಕೇಳಲು ಬಂದವರು, ಕೊಲೆಗೆ ಕ್ಷಮೆ ಬೇಡಲು ಬಂದವರು. ‘ಬಾಯಲ್ಲಿ ಹೇಳಲಾರದಷ್ಟು ದೊಡ್ಡ ಬೇಡಿಕೆ ಇದೆ, ನಡೆಸಿಕೊಡುವೆ ಎನ್ನುವವರೆಗೆ ನಿನ್ನ ಕಾಫಿ ಮುಟ್ಟೆ’ ಎಂದು ಅದರ ಅರ್ಥ. ಜಾಕಿಗೆ ಬಟ್ಟಲು ಕೆಳಗಿಟ್ಟವನು ನಮ್ಮ ಏಳು ತಲೆಮಾರಿನಲ್ಲಿ ಇಲ್ಲ.

“ಕುಡಿ ಮಗನೇ,” ಎಂದರು ಹಾಜಿ, ಪರೀಕ್ಷೆ ಮಾಡುವಂತೆ.

ಲಾಫಿ ತುಟಿ ಕಚ್ಚಿಕೊಂಡು ಬೇಡವೆಂದು ತಲೆಯಾಡಿಸಿದ. ಒಂದು ಹನಿ ಕೆನ್ನೆಗಿಳಿಯಿತು.

“ಅಳ್ತಾ ಇದಾನೆ,” ಎಂದ ಒಬ್ಬ ಮುದುಕ.

“ಸುವೈಲಿಮನ ರಕ್ತ. ಎಲ್ಲಿಗೆ ಹೋಗ್ತದೆ?” ಎಂದ ಇನ್ನೊಬ್ಬ.

ಹಾಜಿ ಕೆಂಡ ಕೆದಕಿದರು. “ಹನ್ನೊಂದು ವರ್ಷ,” ಎಂದರು. “ನಿನ್ನ ಅಪ್ಪನ್ನ ಮಣ್ಣಿಗಿಟ್ಟ ದಿವಸ ಆಣೆ ಮಾಡಿದ್ದೆ, ಅವನ ಮನೆಯವರ ಹೊರತು ಇನ್ಯಾರ ಜೊತೆಗೂ ಹಗ್ಗ ಕಟ್ಕೊಳ್ಳಲ್ಲ ಅಂತ. ನಾನಾಗಿ ಕರೆಯೋ ಹಾಗಿಲ್ಲ, ನೀನೇ ಬರಬೇಕು. ದಿನಾ ನಿನ್ನ ಜೀಪು ಹೋಗೋದು ನೋಡ್ತಿದ್ದೆ. ಹೋಗ್ತಿತ್ತು, ಅಷ್ಟೇ. ಮೊಣಕಾಲು ಈ ಚಳಿಗಾಲ ದಾಟಲ್ಲ ಅಂತಿದೆ. ಇನ್ನು ಮುಗೀತು ಅಂದ್ಕೊಂಡಿದ್ದೆ.” ಬಟ್ಟಲನ್ನು ಅವನತ್ತ ಸರಿಸಿದರು. “ಕುಡಿ. ನೀನು ಕೇಳಿದ್ದು ಆಯ್ತು. ಬರೋ ವಾರದ ಗುರುವಾರ. ಪೂರ್ವದ ಗೋಡೆ.”

ಜಾಕಿಗೆ ಬರೋ ವಾರದವರೆಗೆ ಯಾಕೆ ಕಾಯಬೇಕು, ಪೂರ್ವದ ಗೋಡೆಗೆ ಒರಗಿಸಿಟ್ಟಿದ್ದಾರೇನೋ ಎಂದುಕೊಂಡ, ನೋವಿನಲ್ಲಿ ಅರ್ಧವೇ ಕೇಳಿಸಿಕೊಂಡಿದ್ದ ಲಾಫಿ. ಆದರೂ ಇಷ್ಟು ಪ್ರೀತಿಯಿಂದ ಜಾಕು ಕೊಡುವವರನ್ನು ಅವನು ಕಂಡಿರಲಿಲ್ಲ. ನೋವು ನುಂಗಿಕೊಂಡು ಬಟ್ಟಲೆತ್ತಿ ಕುಡಿದೇಬಿಟ್ಟ. ಕುಡಿದ ಮೇಲೆ ಕರಾರು ಆದಂತೆ. ಹಾಜಿ ಎದ್ದು ಬಂದು ಅವನ ಹಣೆಗೆ ಮುತ್ತಿಟ್ಟು, “ಒಂಬತ್ತು ಹಗ್ಗದುದ್ದದ ಗೋಡೆ! ನಿನ್ನ ಅಪ್ಪ ಮಲಗಿದಲ್ಲೇ ನಗ್ತಿರ್ತಾನೆ” ಎಂದಾಗಲೇ ಲಾಫಿಗೆ ತಾನು ಏನು ಕುಡಿದೆ ಎಂದು ತಿಳಿದದ್ದು.

ಮನೆಗೆ ಬಂದು ಹೆಂಡತಿ ಫಿದ್ದಾಗೆ ಎಲ್ಲ ಹೇಳಿದ. ಅವಳು ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿದಳು.

“ಜಾಕು ಕೇಳೋಕೆ ಹೋಗಿ ಬೆಟ್ಟ ಕೇಳ್ಕೊಂಡು ಬಂದ್ಯಾ, ನನ್ನ ಮಗನ ಅಪ್ಪ?”

“ನಾನೆಲ್ಲಿ ಕೇಳ್ದೆ? ಹಲ್ಲು ಕೇಳ್ತು!”

“ಹಾಗಾದ್ರೆ ಹೋಗಿ ನಿಜ ಹೇಳು.”

“ಹೇಗೆ ಹೇಳಲಿ? ಮುದುಕ ಪೆಟ್ಟಿಗೆಯಿಂದ ಹಗ್ಗ ತೆಗೆದು ಬಿಸಿಲಿಗೆ ಹಾಕಿದಾನೆ. ಮಗಳ ಮದುವೆ ಬಟ್ಟೆ ಒಣಗಿಸೋ ಹಾಗೆ ತಡವ್ತಾ ಕೂತಿದಾನೆ.”

ಫಿದ್ದಾ ಮತ್ತೆ ಹಿಟ್ಟಿಗೆ ಕೈ ಹಾಕಿದಳು. “ಹಾಗಾದ್ರೆ ಹತ್ತು,” ಎಂದಳು. “ಇವತ್ತಿಂದ ರಾತ್ರಿ ಒಂದೇ ತಟ್ಟೆ ಅನ್ನ.”

ಮೂಲೆಯಲ್ಲಿದ್ದ ಲಾಫಿಯ ಅಮ್ಮ ಇಷ್ಟೂ ಕೇಳಿಸಿಕೊಂಡು ಬೇರೆಯದೇ ತಂತಿ ಮೀಟಿದಳು. “ಬೆಟ್ಟದ ಮಾತು ಎತ್ತಬೇಡಿ ನನ್ನ ಮುಂದೆ. ನಿನ್ನಪ್ಪ ಬೆಟ್ಟ ಬೆಟ್ಟ ಅಂತ ಅಲೀತಿದ್ದಾಗಲೇ ಅಲ್ವೇನೋ ನನ್ನ ಒಲೆ ಕಲ್ಲು ಕಳುವಾಗಿದ್ದು? ಮೂರರಲ್ಲಿ ಒಂದು! ಕರೀ ಕಲ್ಲು, ಒಂಟೆ ತುಟಿ ಹಾಗೆ ಮುಂದಕ್ಕೆ ಬಂದಿತ್ತು, ಪಾತ್ರೆ ಇಟ್ರೆ ಅಲ್ಲಾಡ್ತಿರಲಿಲ್ಲ. ಕದ್ದವಳು ಆ ಮನಾಹಿಯ ತಾಯಿ. ನಲವತ್ತು ವರ್ಷ ಆಯ್ತು, ಅವಳ ಸಲಾಮಿಗೆ ನಾನು ತಿರುಗಿ ಸಲಾಮ್ ಹೇಳಿಲ್ಲ. ಸಾಯೋವರೆಗೂ ಹೇಳಲ್ಲ.”

ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಹಬ್ಬಿತು. ಲಾಫಿ ಬಟ್ಟಲು ಇಳಿಸಿದ, ಅತ್ತ, ಅಪ್ಪನ ಜಾಗ ಕೇಳಿದ. ಹೆಂಗಸರು ಹೆಮ್ಮೆಪಟ್ಟರು. ಮನಾಹಿ ಮಾತ್ರ ಜೀಪಿನ ಬಾಗಿಲ ಮೇಲಿನ ಅಕ್ಷರ ಓದುತ್ತಾ, “ಬೆಟ್ಟದ ಮಗ ಅಂತೆ. ಇನ್ನು ಬೆಟ್ಟ ಮಗನ್ನ ಗುರುತು ಹಿಡೀತದೋ ಇಲ್ವೋ ನೋಡೋಣ” ಎಂದ.

“ಮೊದಲು ನನ್ನ ಜಾಕು ತಂದ್ಕೊಡು,” ಎನ್ನಲು ಲಾಫಿ ಬಾಯಿ ತೆರೆದ. ಆದರೆ ಅಪ್ಪನ ಆತ್ಮಕ್ಕಾಗಿ ಕಣ್ಣೀರಿಟ್ಟವನು ಅದೇ ಸಂಜೆ ಜಾಕಿನ ಮಾತೆತ್ತಿದರೆ ಎರಡಕ್ಕೆ ಎರಡು ಕೂಡಿಸಿ ನಾಲ್ಕು ಮಾಡುವ ಬುದ್ಧಿವಂತರು ಊರಿನಲ್ಲಿ ಇದ್ದರು. ಬಾಯಿ ಮುಚ್ಚಿದ. ಜೀಪು ಒಂದು ಮಗ್ಗುಲಿಗೆ ವಾಲಿಕೊಂಡು ದೊಡ್ಡಿಯ ಬಾಗಿಲಲ್ಲೇ ಉಳಿಯಿತು.

ಒಂಬತ್ತು ದಿನ ಹಾಜಿ ಅವನಿಗೆ ಪಾಠ ಹೇಳಿದರು. ಊರ ಹಿಂದಿನ ಬಂಡೆಯ ಮೇಲೆ ಲಾಫಿ ಅಂಟಿಕೊಳ್ಳುವುದೂ ಜಾರುವುದೂ ನಡೆಯಿತು. ಗಂಟು ಹಾಕಲು ಹೇಳಿದರೆ ಒಂಟೆಯ ಮುಂಗಾಲಿಗೆ ಹಾಕುವ ಗಂಟು ಹಾಕುತ್ತಿದ್ದ. “ಹೊಟ್ಟೆ ಬಂಡೆಗೆ ಒತ್ತಬೇಡ. ಕಾಲ ಮೇಲೆ ನಿಲ್ಲು,” ಎನ್ನುತ್ತಿದ್ದರು ಹಾಜಿ. “ಹಾಜಿ, ಬಂಡೆ ಹತ್ತಿರ ಬಂದಾಗ ಮೊದಲು ಮುಟ್ಟೋದೇ ಹೊಟ್ಟೆ,” ಎನ್ನುತ್ತಿದ್ದ ಲಾಫಿ.

ಗುರುವಾರ ಬೆಳಗಾಗುವಾಗ, ಹತ್ತುವವರೆಲ್ಲರಂತೆ, ಪೊಲೀಸ್ ಚೌಕಿಯಲ್ಲಿ ಹೆಸರು ಬರೆಸಬೇಕಿತ್ತು. ಚೌಕಿಯ ಸಾರ್ಜೆಂಟು ಉತ್ತರದ ಆಲಿವ್ ತೋಟಗಳ ಕಡೆಯವನು. ಹತ್ತುವುದೆಂದರೆ ಅವನ ಊರಿನಲ್ಲಿ ಏಣಿ ಹಾಕಿಕೊಂಡು ಕಾಯಿ ಕೀಳುವುದು. ದಪ್ಪ ಪುಸ್ತಕ ತೆರೆದ. ಸುತ್ತ ಅರ್ಧ ಊರು ನಿಂತಿತ್ತು.

“ಹಿಂದೆ ಹತ್ತಿದ ಅನುಭವ?”

ಲಾಫಿ ತಲೆಯ ಬಟ್ಟೆ ಸರಿಮಾಡಿಕೊಂಡ. “ನಮ್ಮ ಮನೆತನದಲ್ಲಿ ಇದೆ.”

“ಮನೆತನ ಹತ್ತುತ್ತಾ, ನೀನು ಹತ್ತುತ್ತೀಯಾ?”

“ಬರ್ಕೊಳ್ಳಿ ಸಾರ್ಜೆಂಟ್,” ಎಂದರು ಹಾಜಿ ಗಂಭೀರವಾಗಿ, “ಸುವೈಲಿಮನ ಮಗ ಅಂತ. ಸಾಕು.”

ಸಾರ್ಜೆಂಟು ಬರೆದುಕೊಂಡ. “ವಾಪಸು ಬರೋದು ಎಷ್ಟು ಗಂಟೆಗೆ?”

“ಇನ್ಶಾ ಅಲ್ಲಾ,” ಎಂದ ಲಾಫಿ.

“ಇನ್ಶಾ ಅಲ್ಲಾ ಅಂದ್ರೆ ಎಷ್ಟು ಗಂಟೆ?”

ಹಾಜಿ ಆಕಾಶದತ್ತ ಬೆರಳು ತೋರಿಸಿದರು. ಸಾರ್ಜೆಂಟು ನಿಟ್ಟುಸಿರು ಬಿಟ್ಟು ಅದನ್ನೇ ಬರೆದ. “ಏನಾದ್ರೂ ಆದ್ರೆ ಯಾರಿಗೆ ತಿಳಿಸಬೇಕು?”

ಲಾಫಿ ಹಿಂತಿರುಗಿ ನೋಡಿದ. ಹೆಂಡತಿ, ತಾಯಿ, ದುರ್ಬೀನು ಕೊರಳಿಗೆ ಹಾಕಿಕೊಂಡು ಮಡಚುವ ಕುರ್ಚಿ ಹಿಡಿದ ಮನಾಹಿ, ಮನಾಹಿಯ ತಾಯಿ. “ಎಲ್ಲರೂ ನೋಡೋಕೇ ಬಂದಿದಾರೆ ಸಾರ್ಜೆಂಟ್. ಯಾರಿಗೂ ತಿಳಿಸೋದು ಬೇಡ.”

ಗೋಡೆಯ ಬುಡದಲ್ಲಿ ನಿಂತು ತಲೆಯೆತ್ತಿದಾಗ ಲಾಫಿಯ ತಲೆಯ ಬಟ್ಟೆ ಹಿಂದಕ್ಕೆ ಬಿತ್ತು. ನಲವತ್ತಮೂರು ವರ್ಷ ಇದೇ ಗೋಡೆಯ ನೆರಳಿನಲ್ಲಿ ಅವನು ಟೀ ಕುಡಿದಿದ್ದ. ಹಿಡಿಯುವುದಕ್ಕೆಂದು ಅದನ್ನು ನೋಡಿದ್ದು ಇದೇ ಮೊದಲು. ಸೂರ್ಯ ಅವನ ಬೆನ್ನ ಹಿಂದೆ ಏಳುತ್ತಿದ್ದ. ಬೆಳಕು ಮೊದಲು ತುದಿಗೆ ತಗುಲಿ, ಕುದಿಯುವ ಹಾಲು ಪಾತ್ರೆಯ ಹೊರಮೈಯಲ್ಲಿ ಇಳಿದಂತೆ ಕೆಂಪು ಬಂಡೆಯ ಮೇಲೆ ನಿಧಾನ ಇಳಿದು ಬರುತ್ತಿತ್ತು.

ಹಾಜಿ ಚಪ್ಪಲಿ ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಬಿಸ್ಮಿಲ್ಲಾ ಎಂದು ಕೈಯಿಟ್ಟರು. ಅಂಗಳದಲ್ಲಿ ಕುಂಟುತ್ತಿದ್ದ ಮುದುಕ ಅಲ್ಲೇ ಕೆಳಗೆ ಉಳಿದುಬಿಟ್ಟ. ಮೇಲೆ ಹೋದವನು ಬೇರೆ. ರೊಟ್ಟಿ ತಟ್ಟುವ ಅಂಗೈಯಂತೆ ಅವರ ಪಾದ ಬಂಡೆಯ ಮೇಲೆ ಹರಡಿಕೊಂಡು ನಿಲ್ಲುತ್ತಿತ್ತು. ಲಾಫಿ ಹಗ್ಗ ಬಿಡುತ್ತಾ ಬಾಯಿ ತೆರೆದು ನೋಡುತ್ತಿದ್ದ. ಹಗ್ಗ ಮುಗಿಯಿತು, ಮೇಲಿನಿಂದ ಮೂರು ಸಲ ಜಗ್ಗಿತು. ಅವನ ಸರದಿ.

“ಹಾಜಿ, ಹಗ್ಗ ಎಳೀರಿ!”

“ಎಳೆದಿದೀನಿ!”

“ಇನ್ನೂ ಎಳೀರಿ!”

“ಇನ್ನೂ ಎಳೆದ್ರೆ ಹತ್ತಿದವನು ನಾನಾಗ್ತೀನಿ, ನೀನಲ್ಲ!”

ಮೂರನೇ ಹಗ್ಗದಲ್ಲಿ ಗೋಡೆ ಎರಡಾಗಿ ಸೀಳಿತ್ತು. ಆ ಸೀಳಿನೊಳಗೆ ಬೆನ್ನು ಒಂದು ಕಡೆಗೆ, ಕಾಲು ಒಂದು ಕಡೆಗೆ ಒತ್ತಿ ಏರಬೇಕು. ನಡುವೆ ಬಂದಾಗ ಲಾಫಿ ಸಿಕ್ಕಿಕೊಂಡ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

“ಹೊಟ್ಟೆ ಒಳಗೆ ಎಳ್ಕೋ!” ಎಂದರು ಹಾಜಿ.

“ಎಳ್ಕೊಂಡಿರೋದೇ ಇದು!”

ಆ ಕಣಿವೆಯಲ್ಲಿ ಪಿಸುಮಾತೂ ಗೋಡೆ ಹತ್ತುತ್ತದೆ. ಕೆಳಗಿನ ಕುರ್ಚಿಯಿಂದ ಮನಾಹಿಯ ದನಿ ಬಂತು: “ಉಸಿರು ಬಿಡೋ! ಸಣ್ಣಗಾಗ್ತೀಯ!” ಅದರ ಹಿಂದೆಯೇ ಫಿದ್ದಾಳ ದನಿ: “ನಿನ್ನೆ ಎರಡನೇ ತಟ್ಟೆ ಬೇಡ ಅಂತ ನಾನು ಅಂದಿರಲಿಲ್ವಾ?”

ಇಡೀ ಊರಿಗೆ ತನ್ನ ರಾತ್ರಿಯೂಟದ ಲೆಕ್ಕ ತಿಳಿದ ಅವಮಾನಕ್ಕೆ ಲಾಫಿ ಇದ್ದ ಉಸಿರನ್ನೆಲ್ಲ ಬಿಟ್ಟ. ದೇಹ ಪುಸಕ್ಕನೆ ಮೇಲಕ್ಕೆ ಜಾರಿತು. ಮನಾಹಿ ಹೇಳಿದ ಮಾತೊಂದು ನಿಜವಾದದ್ದು ಊರಿನ ಚರಿತ್ರೆಯಲ್ಲಿ ಅದೇ ಮೊದಲು.

ಐದನೇ ಹಗ್ಗದ ಹೊತ್ತಿಗೆ ಕೆಳಗಿನ ದನಿಗಳು ಉದುರಿಹೋದವು. ಹಳ್ಳಿ ಹರಡಿಟ್ಟ ಖರ್ಜೂರದ ಬೀಜಗಳಷ್ಟಾಯಿತು. ಒಂದು ಕಡೆ ವಾಲಿದ ಬೆಂಕಿಪೊಟ್ಟಣ ಕಂಡಿತು. ಅದು ಅವನ ಜೀಪು. ಒಂದು ಕಾಗೆ ಅವನ ಪಾದದ ಕೆಳಗೆ ಹಾರಿಹೋಯಿತು. ಕಾಗೆಯ ಬೆನ್ನನ್ನು ಅವನು ಅದುವರೆಗೆ ನೋಡಿರಲಿಲ್ಲ. ಬಿಸಿಲಿಗೆ ಅದು ಕಪ್ಪಾಗಿರಲಿಲ್ಲ, ನೀಲಿಯಾಗಿತ್ತು.

“ಹಾಜಿ, ಕಾಗೆ ನೀಲಿ ಬಣ್ಣ!” ಎಂದು ಕೂಗಿದ.

“ಗೊತ್ತು!” ಎಂದಿತು ಮೇಲಿನ ದನಿ. “ಯಾರಿಗೂ ಹೇಳ್ಬೇಡ, ನಂಬಲ್ಲ!”

ಆರನೇ ಹಗ್ಗದ ಕೊನೆಯಲ್ಲಿ ಇಬ್ಬರು ಕೂರುವಷ್ಟು ಒಂದು ಚಾಚು. ಲಾಫಿ ಅಲ್ಲಿಗೆ ತೆವಳಿ ತಲುಪಿದಾಗ ಹಾಜಿ ಎರಡು ಕೈಯಲ್ಲೂ ಮೊಣಕಾಲು ಹಿಡಿದು ಕುಳಿತಿದ್ದರು. ಅದು ಮಡಚಿದಂತೆಯೇ ಬಿಗಿದುಕೊಂಡಿತ್ತು. ತಿಕ್ಕಿದರು, ಬೈದರು, ಅದಕ್ಕೊಂದು ಗುದ್ದು ಕೊಟ್ಟರು. ಮೊಣಕಾಲು ಕೇಳಲಿಲ್ಲ.

“ಇಲ್ಲಿಗೆ ಸಾಕು ಮಗನೇ,” ಎಂದರು. “ಮುಂದಿನ ಹಗ್ಗ ನಿನ್ನ ಅಪ್ಪನದು. ಯಾವಾಗಲೂ ಅವನೇ ಮುಂದೆ ಹೋಗ್ತಿದ್ದ. ನನಗೆ ಈ ಕಾಲಲ್ಲಿ ಆಗಲ್ಲ. ನೀನು ಕೇಳಿದ್ದು ಪೂರ್ತಿ ಕೊಡಲಿಕ್ಕೆ ಆಗಲಿಲ್ಲ. ಮನ್ನಿಸು. ಇಳಿಯೋಣ.”

ಇಳಿಯೋಣ! ಒಂಬತ್ತು ದಿನದಿಂದ ಲಾಫಿ ಐದು ಹೊತ್ತೂ ಪ್ರಾರ್ಥನೆಯಲ್ಲಿ ಬೇಡಿಕೊಂಡದ್ದು ಈ ಒಂದು ಮಾತನ್ನು. ಮರ್ಯಾದೆಗೆ ಕುಂದಿಲ್ಲ, ಮೊಣಕಾಲು ಅವನದಲ್ಲ. ಆದರೆ ಹಾಜಿ ಇಳಿಯೋಣ ಎಂದವರು ಕೆಳಗೆ ನೋಡುತ್ತಿರಲಿಲ್ಲ. ತಲೆಯೆತ್ತಿ ಏಳನೇ ಹಗ್ಗದ ಬಿರುಕನ್ನೇ ನೋಡುತ್ತಿದ್ದರು. ಹೊರಟುಹೋದ ಬಸ್ಸನ್ನು ಮುದುಕರು ನೋಡುವ ಹಾಗೆ.

ಲಾಫಿ ಹಾಜಿಯ ಕೊರಳಿನಿಂದ ಹಗ್ಗ ಸಿಕ್ಕಿಸುವ ಕೊಂಡಿಗಳೂ ನೂಲಿನ ಪಟ್ಟಿಗಳೂ ಇದ್ದ ಸರ ತೆಗೆದು ತನ್ನ ಕೊರಳಿಗೆ ಹಾಕಿಕೊಂಡ.

“ಏನ್ ಮಾಡ್ತಿದ್ದೀಯ?”

“ಇಳಿಯೋದು ಹೇಗೆ ಅಂತ ನೀವಿನ್ನೂ ಕಲಿಸಿಲ್ಲ ಹಾಜಿ. ಹತ್ತೋದು ಮಾತ್ರ ಕಲಿಸಿದ್ದೀರಿ.”

ಹಾಜಿ ಅವನ ಗಂಟನ್ನು ಎರಡು ಸಲ ಎಳೆದು ನೋಡಿದರು. ಒಂಟೆಯ ಗಂಟಲ್ಲ, ಸರಿಯಾದ ಗಂಟೇ. “ಕೇಳು,” ಎಂದರು. “ನಾಲ್ಕಾಳು ಮೇಲೆ ಬಿರುಕಿನೊಳಗೆ ಒಂದು ಕಲ್ಲು ಇದೆ. ಬೆಟ್ಟದ್ದಲ್ಲ. ಅಲ್ಲಿ ಹಿಡಿತ ಇಲ್ಲ ಅಂತ ನಿನ್ನ ಅಪ್ಪ ಕೆಳಗಿಂದ ಸೊಂಟಕ್ಕೆ ಕಟ್ಕೊಂಡು ತಂದು ಹೊಡೆದು ಕೂರಿಸಿದ್ದು. ಅದಕ್ಕೆ ಪಟ್ಟಿ ಸುತ್ತು, ಹಗ್ಗ ಕೊಂಡಿಗೆ ಹಾಕು. ಆಮೇಲೆ ದೇವರಿದಾನೆ.”

ಲಾಫಿ ಹೋದ. ಹೇಗೆ ಹೋದನೆಂದು ಆಮೇಲೆ ಯಾರು ಕೇಳಿದರೂ ಅವನಿಗೆ ಹೇಳಲು ಬರಲಿಲ್ಲ. ಸುಳ್ಳು ಹೇಳುವಾಗ ಎಷ್ಟು ಚೆನ್ನಾಗಿ ಹೇಳುತ್ತಿದ್ದನೋ ನಿಜಕ್ಕೆ ಅಷ್ಟೇ ಮಾತು ಸಾಲಲಿಲ್ಲ. ಎಡ ಮುಷ್ಟಿ ಬಿರುಕಿನೊಳಗೆ, ಬಲ ಕಾಲು ಒಂದು ಉಗುರಿನಷ್ಟು ಅಂಚಿನ ಮೇಲೆ. ನಾಲ್ಕಾಳು ಎತ್ತರದಲ್ಲಿ ಕೈಗೆ ಕಲ್ಲು ತಗುಲಿತು. ಸುತ್ತೆಲ್ಲ ಕೆಂಪು, ಇದೊಂದು ಕರೀ ಕಲ್ಲು. ಅದಕ್ಕೆ ಪಟ್ಟಿ ಸುತ್ತಿ ಹಗ್ಗ ಸಿಕ್ಕಿಸುವಾಗ ಬೆರಳಿಗೆ ಮಸಿ ಹತ್ತಿತು. ಒಂದು ಮಗ್ಗುಲು ಒಂಟೆಯ ತುಟಿಯಂತೆ ಮುಂದಕ್ಕೆ ಬಂದಿತ್ತು.

“ಹಾಜಿ!” ಎಂದು ಕಿರುಚಿದ. “ಇದು ಅಮ್ಮನ ಒಲೆ ಕಲ್ಲು!”

ಕೆಳಗಿನಿಂದ ಮೊದಲು ಒಂದು ಕೆಮ್ಮು ಬಂತು. ಆಮೇಲೆ, “ಬೇರೆ ಯಾವ ಕಲ್ಲೂ ಸರಿಹೋಗಲಿಲ್ಲ ಕಣೋ!”

ಕಲ್ಲಿಗೆ ಮುತ್ತಿಡಬೇಕೋ ಅಮ್ಮನಿಗೆ ಹೇಳಬೇಕೋ ತಿಳಿಯದೆ ಲಾಫಿ ಮುಂದಕ್ಕೆ ಏರಿದ. ಒಂದಾಳು ಮೇಲೆ ಬಂಡೆಯಲ್ಲಿ ತೂತು. ಅದರಲ್ಲಿ ಪಟ್ಟಿ ತೂರಿಸಿದ್ದಾಯಿತು, ಇನ್ನು ಅದಕ್ಕೆ ಹಗ್ಗ ಸಿಕ್ಕಿಸಬೇಕು. ಒಂದು ಕೈ ಬಂಡೆಗೆ ಬೇಕು. ಇನ್ನೊಂದು ಕೈಯಲ್ಲಿ ಹಗ್ಗ ಎಳೆದು, ಹಾಜಿ ಕಲಿಸಿದ್ದಂತೆ ಅದನ್ನು ಹಲ್ಲಿನಲ್ಲಿ ಕಚ್ಚಿಹಿಡಿದು, ಮತ್ತಷ್ಟು ಎಳೆಯಲು ಕೈ ಇಳಿಸಿದ. ಕಚ್ಚಿದ್ದು ಎಡ ದವಡೆಯಲ್ಲಿ. ಮಿಂಚು ಬಂತು. ಕಾಲು ಜಾರಿತು.

ಕೆಳಗೆ ದುರ್ಬೀನಿನ ಮನಾಹಿ “ಬಿದ್ದ!” ಎಂದನಂತೆ. ಫಿದ್ದಾ ಅವನ ಕೊರಳ ಸಮೇತ ದುರ್ಬೀನು ಎಳೆದುಕೊಂಡು ನೋಡಿದಳಂತೆ. ಮನಾಹಿಯ ತಾಯಿ ಹೆದರಿ ಪಕ್ಕದಲ್ಲಿದ್ದವಳ ಕೈ ಹಿಡಿದುಕೊಂಡಳಂತೆ. ಪಕ್ಕದಲ್ಲಿದ್ದವಳು ಲಾಫಿಯ ಅಮ್ಮ.

ಲಾಫಿ ಬಿದ್ದದ್ದು ಮೂರಾಳುದ್ದ. ಹಗ್ಗ ಬಿಗಿಯಿತು, ಕೊಂಡಿ ಕಿರುಗುಟ್ಟಿತು, ಮುದುಕನ ಎರಡು ಕೈಯ ಉಡದಂಥ ಹಿಡಿತ ಬಿಡಲಿಲ್ಲ. ಮೇಲೆ ಆ ಕರೀ ಕಲ್ಲು ಒಂದು ಕೂದಲೆಳೆಯೂ ಅಲ್ಲಾಡಲಿಲ್ಲ. ಅಮ್ಮ ಹೇಳಿದ್ದು ಸರಿ. ಪಾತ್ರೆ ಇಟ್ಟರೆ ಅಲ್ಲಾಡದ ಕಲ್ಲು ಅದು. ಗಾಳಿಯಲ್ಲಿ ಮೆಲ್ಲಗೆ ತಿರುಗುತ್ತಾ ಲಾಫಿ ಅದನ್ನೇ ನೋಡಿದ. ತಾನು ಮೂರು ವರ್ಷದವನಿದ್ದಾಗ ಅಪ್ಪ ಕದ್ದ ಕಲ್ಲು. ಅವತ್ತಿನಿಂದ ಅದು ಅಲ್ಲಿ ಕೂತಿತ್ತು.

“ಬದುಕಿದ್ದೀಯಾ?”

“ಹಲ್ಲು!”

“ಏನು?”

“ಹಲ್ಲು ಹೋಯ್ತು ಹಾಜಿ!”

“ಯಾವುದು?”

ಲಾಫಿ ನಾಲಗೆಯಿಂದ ತಡವಿ ನೋಡಿದ. “ನೋಯ್ತಿದ್ದದ್ದು!”

“ಅಲ್ಹಮ್ದುಲಿಲ್ಲಾ!” ಎಂದರು ಹಾಜಿ. “ಹಾಗಾದ್ರೆ ಹತ್ತು!”

ಹತ್ತಿದ. ಈ ಸಲ ಹಗ್ಗವನ್ನು ಬಲ ದವಡೆಯಲ್ಲಿ ಕಚ್ಚಿದ. ಮೇಲೆ ತಲುಪಿ, ಹಗ್ಗವನ್ನು ಬಂಡೆಗೆ ಕಟ್ಟಿ, ಮೂರು ಸಲ ಜಗ್ಗಿದ. ಹಾಜಿ ಒಂಟಿಕಾಲಲ್ಲಿ, ಎರಡು ಕೈಯಲ್ಲಿ, ಒಂದಿಷ್ಟು ಬೈಗುಳದಲ್ಲಿ ಏರಿ ಬಂದರು.

“ಹಗ್ಗ ಎಳಿ!” ಎಂದು ಕೂಗಿದರು ನಡುವೆ.

“ಎಳೆದಿದೀನಿ ಹಾಜಿ!”

“ಇನ್ನೂ ಎಳಿ!”

“ಇನ್ನೂ ಎಳೆದ್ರೆ ಹತ್ತಿದವನು...” ಎಂದ ಲಾಫಿ, ಮುಂದೆ ಹೇಳುವ ಧೈರ್ಯವಾಗದೆ ಎಳೆದ.

ಉಳಿದೆರಡು ಹಗ್ಗ ಸುಲಭ. ಮಧ್ಯಾಹ್ನ ಇಳಿದು ಅಸರ್ ನಮಾಜಿನ ಹೊತ್ತಿಗೆ ಗೋಡೆ ಮುಗಿಯಿತು. ಮುಗಿಯಿತೆಂದರೆ ಲಾಫಿ ಮುಂದಿನ ಹಿಡಿತಕ್ಕೆ ಕೈ ಚಾಚಿದ, ಕೈಗೆ ಏನೂ ಸಿಗಲಿಲ್ಲ.

ಬುಡವೆಲ್ಲ ಕೆಂಪಾಗಿದ್ದ ಬೆಟ್ಟ ತುದಿಯಲ್ಲಿ ಬೆಳ್ಳಗಿತ್ತು. ಮೊಸರು ಕಟ್ಟಿದ ಬಟ್ಟೆಯ ಗಂಟುಗಳಂತೆ ಗುಂಡಗೆ, ಸಾಲುಸಾಲಾಗಿ. ಅದರಾಚೆ ಮರಳು, ಮರಳಿನಲ್ಲಿ ಹಡಗುಗಳಂತೆ ಬೆಟ್ಟಗಳು, ಅದರಾಚೆ ಮತ್ತೆ ಮರಳು, ಗಡಿಯಾಚೆಯ ದೇಶ, ಅದರಾಚೆ ಬಣ್ಣವೇ ಇಲ್ಲದ್ದು ಏನೋ. ಎಲ್ಲಿಯೂ ಒಂದು ಸದ್ದಿಲ್ಲ. ಲಾಫಿ ಪ್ರ‍ವಾಸಿಗಳಿಗೆ ಹತ್ತು ವರ್ಷ ವರ್ಣಿಸಿದ್ದ ತುದಿ ಇದಲ್ಲ. ಆ ತುದಿ ಇದರ ಮುಂದೆ ಬಹಳ ಸಣ್ಣದು. ಅವನು ತಲೆಯ ಬಟ್ಟೆ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ, ದೊಡ್ಡವರ ಮನೆಗೆ ಕೇಳದೆ ನುಗ್ಗಿದವನಂತೆ.

ನಡುವೆ ಕಲ್ಲಿನ ಒಂದು ಗೋಪುರ, ಎದೆಯೆತ್ತರ. ಹಾಜಿ ಅದರ ಬುಡದಲ್ಲಿ ಕೈಹಾಕಿ ತುಕ್ಕು ಹಿಡಿದ ಡಬ್ಬಿ ತೆಗೆದರು. ಬಟ್ಟೆಯಲ್ಲಿ ಸುತ್ತಿದ ಎರಡು ಪುಟ್ಟ ಬಟ್ಟಲುಗಳು.

“ನಂದು ಇದು. ಅವನದು ಅದು,” ಎಂದರು. ಒಂದನ್ನು ಅಂಗಿಯ ಚುಂಗಿನಿಂದ ಬಹಳ ಹೊತ್ತು ಒರೆಸಿದರು. ಚೀಲದಿಂದ ಫ್ಲಾಸ್ಕು ತೆಗೆದು ಲಾಫಿಯ ಕೈಗಿಟ್ಟರು. “ಈ ತುದಿಯಲ್ಲಿ ಯಜಮಾನ ನಿನ್ನಪ್ಪ. ಈಗ ನೀನು. ಬಗ್ಗಿಸು.”

“ಹಾಜಿ, ಆ ಒಲೆ ಕಲ್ಲು... ಅಮ್ಮನಿಗೆ ಏನಂತ ಹೇಳಲಿ?”

“ಹುಚ್ಚಾ, ಹೇಳ್ಬೇಡ. ನಲವತ್ತು ವರ್ಷದ ಜಗಳ. ಅದಿಲ್ಲದಿದ್ರೆ ಆ ಮುದುಕಿಯರು ಹೊತ್ತು ಕಳೆಯೋದು ಹೇಗೆ?”

ಲಾಫಿ ಬಗ್ಗಿಸಿದ. ಕಾಫಿ ಇನ್ನೂ ಸುಡುತ್ತಿತ್ತು. ಮೊದಲ ಬಟ್ಟಲು ಹಾಜಿಗೆ ಕೊಟ್ಟ. ಹಾಜಿ ತೆಗೆದುಕೊಂಡರು. ತುಟಿಯ ಹತ್ತಿರ ತಂದರು. ಲಾಫಿಯ ಮುಖ ನೋಡಿದರು. ಮೆಲ್ಲಗೆ ಬಟ್ಟಲನ್ನು ಬಂಡೆಯ ಮೇಲಿಟ್ಟರು.

ಲಾಫಿ ಫ್ಲಾಸ್ಕು ಕೆಳಗಿಟ್ಟ. ಬೇಡಿಕೆ! ಏನಿರಬಹುದು? ಪಶ್ಚಿಮದ ಗೋಡೆಯೇ? ಅದು ಹದಿನಾಲ್ಕು ಹಗ್ಗವಂತೆ. ಅಥವಾ ವರ್ಷವರ್ಷವೂ ಹೀಗೆ... “ಕುಡೀರಿ ಹಾಜಿ,” ಎಂದ ಮೆಲ್ಲಗೆ. ಹಾಜಿ ಬೇಡವೆಂದು ತಲೆಯಾಡಿಸಿದರು. ಕಣ್ಣಂಚು ಒದ್ದೆಯಾಗಿತ್ತು; ಗಾಳಿಗೂ ಇರಬಹುದು.

ಲಾಫಿ ಮತ್ತೊಮ್ಮೆ ಸುತ್ತ ನೋಡಿದ. ಆ ಬಿಳಿ ಗುಮ್ಮಟಗಳನ್ನು, ಬಣ್ಣವಿಲ್ಲದ ಆ ದೂರವನ್ನು. ಹದಿನಾಲ್ಕಾದರೆ ಹದಿನಾಲ್ಕು.

“ಕುಡೀರಿ,” ಎಂದ. “ನೀವು ಕೇಳಿದ್ದು ಆಯ್ತು.”

ಹಾಜಿ ನಿಟ್ಟುಸಿರುಬಿಟ್ಟು ಬಟ್ಟಲೆತ್ತಿ ಒಂದೇ ಗುಟುಕಿಗೆ ಕುಡಿದರು. ಮೀಸೆ ಒರೆಸಿಕೊಂಡರು.

“ಹೇಳೋಕೇ ನಾಚಿಕೆ ಆಗ್ತಿತ್ತು ಮಗನೇ. ಇಂಥಾ ದೊಡ್ಡ ಕೆಲಸಕ್ಕೆ ನಿಂತವನ ಹತ್ರ ಇಂಥಾ ಸಣ್ಣ ಮಾತು ಹೇಗೆ ಎತ್ತೋದು? ನಿನ್ನ ಜೀಪು. ನನ್ನ ದೊಡ್ಡಿ ಬಾಗಿಲಿಗೆ ಅಡ್ಡ ನಿಂತು ಒಂಬತ್ತು ದಿನ ಆಯ್ತು. ಒಂಟೆಗಳು ಒಂದೊಂದಾಗಿ ಬೇಲಿ ಹಾರ್ತಿವೆ. ಅದನ್ನ ತೆಗೀಬೇಕು.”

ಲಾಫಿ ಅವರನ್ನೇ ನೋಡಿದ. “ತೆಗೀತಿದ್ದೆ ಹಾಜಿ. ಜಾಕಿಲ್ಲ.”

“ಜಾಕಾ?” ಹಾಜಿ ಹುಬ್ಬೇರಿಸಿದರು. “ನನ್ನ ಹತ್ರ ಎರಡಿವೆ. ಅವತ್ತು ಬಂದಿದ್ದೆಯಲ್ಲ, ನೀನು ಕೂತ ದಿಂಬಿನ ಕೆಳಗೇ ಒಂದಿತ್ತು. ಬಾಯಿಬಿಟ್ಟು ಒಂದು ಮಾತು ಕೇಳಬಾರದಿತ್ತೇನೋ?”

ಲಾಫಿ ಬಾಯಿ ತೆರೆದ. ಹಲ್ಲು ಹೋದ ಜಾಗಕ್ಕೆ ಬೆಟ್ಟದ ಗಾಳಿ ತಣ್ಣಗೆ ಬಂದು ತಾಗಿತು. ಮುಚ್ಚಿದ. ಅಪ್ಪನ ಬಟ್ಟಲಿಗೆ ತಾನೇ ಬಗ್ಗಿಸಿಕೊಂಡು, ಕುದಿಯುವ ಕಾಫಿಯನ್ನು ಎಡ ದವಡೆಯಲ್ಲೇ, ನಿಧಾನವಾಗಿ, ಕಡೆಯ ಹನಿಯವರೆಗೆ ಕುಡಿದ. ಹಾಜಿ ಫ್ಲಾಸ್ಕು ಎತ್ತಿಕೊಂಡು ಕಾದರು.

ಲಾಫಿ ಬಟ್ಟಲು ಚಾಚಿದ. ಅಲ್ಲಾಡಿಸಲಿಲ್ಲ.